ವಿಷದ ಬಾಟಲಿ ಮುಟ್ಟುವ ಮುನ್ನ ಕೈಗೆ ಯಾವ ಗ್ಲೌಸ್?

ರಾಸಾಯನಿಕ ಯಾವುದೇ ಇರಲಿ, ಬಾಗಿಲ ಬಳಿಯ ಡಬ್ಬಿಗೆ ಕೈಹಾಕಿ ಸಿಕ್ಕ ನೀಲಿ ಗ್ಲೌಸ್ ಏರಿಸಿಕೊಂಡು ಕೆಲಸಕ್ಕಿಳಿಯುವವರನ್ನು ಪ್ರಯೋಗಾಲಯಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಹರಿಯದಿದ್ದರೆ ಸಾಕು, ಕೈಗೇನೂ ಆಗದು ಎಂಬ ಧೈರ್ಯ ಅವರದು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕಿ ಕರೆನ್ ವೆಟರ್‌ಹಾನ್ ಅವರ ಲ್ಯಾಟೆಕ್ಸ್ ಗ್ಲೌಸ್ ಮೇಲೆ 1996ರ ಆಗಸ್ಟ್‌ನಲ್ಲಿ ಬಿದ್ದದ್ದು ಡೈಮೀಥೈಲ್ ಮರ್ಕ್ಯುರಿ ಎಂಬ ಪಾದರಸದ ಘೋರ ವಿಷದ ಕೆಲವೇ ಹನಿ. ಅದೇ ವಿಷದಿಂದ 1997ರ ಜೂನ್‌ನಲ್ಲಿ ಅವರು ತೀರಿಕೊಂಡರು. ಆ ದ್ರವ ಅಂಥ ಗ್ಲೌಸನ್ನು 15 ಸೆಕೆಂಡಿನೊಳಗೇ ದಾಟುತ್ತದೆ ಎಂಬುದು ಆಮೇಲಿನ ಪರೀಕ್ಷೆಯಲ್ಲಿ ತಿಳಿಯಿತು.

ಹೆಜ್ಜೆ 1: ರಾಸಾಯನಿಕದ ಸುರಕ್ಷತಾ ಮಾಹಿತಿ ಪತ್ರದ 8ನೇ ವಿಭಾಗ ಓದಿ. ‘ಸೂಕ್ತ ಕೈಗವಸು ಧರಿಸಿ’ ಎಂದಷ್ಟೇ ಇದ್ದರೆ ಅದು ಬರೆದವರ ಸೋಮಾರಿತನ, ಮುಂದಕ್ಕೆ ನಡೆಯಿರಿ.

ಹೆಜ್ಜೆ 2: ಗ್ಲೌಸ್ ತಯಾರಕರ ಕೋಷ್ಟಕ. ಎಲ್ಲರೂ ಎಡವುವುದು ಇಲ್ಲೇ. ಅದರಲ್ಲಿ ಸಾಮಾನ್ಯವಾಗಿ ಎರಡು ಬೇರೆ ಬೇರೆ ಸಂಗತಿಗಳಿರುತ್ತವೆ. ಒಂದು, ಗ್ಲೌಸ್ ಉಬ್ಬುವುದು, ಬಿರಿಯುವುದು. ಇನ್ನೊಂದು, ರಾಸಾಯನಿಕವು ಅಣು ಅಣುವಾಗಿ ಒಳಗೆ ನುಸುಳಲು ಹಿಡಿಯುವ ಸಮಯ. ನಿಮಗೆ ಬೇಕಾದದ್ದು ಎರಡನೆಯದು. ನುಸುಳುವಿಕೆ ಕಣ್ಣಿಗೆ ಕಾಣುವುದಿಲ್ಲ, ಗ್ಲೌಸ್ ಹೊಸದರಂತೆಯೇ ಇರುತ್ತದೆ. ನಿಮ್ಮ ರಾಸಾಯನಿಕ, ಅದರ ಸಾಂದ್ರತೆ, ನಿಮ್ಮ ಗ್ಲೌಸಿನದೇ ಮಾದರಿ ಮತ್ತು ದಪ್ಪ ಇವೆಲ್ಲ ಕೂಡಿಬಂದ ಸಾಲನ್ನೇ ಹುಡುಕಿ. ದಪ್ಪ ನೈಟ್ರೈಲ್‌ಗೆ (ಗ್ಲೌಸಿಗೆ ಬಳಸುವ ಒಂದು ಕೃತಕ ರಬ್ಬರ್) ಬರೆದ ನಿಮಿಷಗಳು ತೆಳು ನೈಟ್ರೈಲ್‌ಗೆ ಸಲ್ಲುವುದಿಲ್ಲ. ಪರೀಕ್ಷೆ ನಡೆಯುವುದು 23 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ; ಮೈಬಿಸಿಗೆ ನುಸುಳುವಿಕೆ ಚುರುಕಾಗುತ್ತದೆ. ಆದ್ದರಿಂದ ಕೋಷ್ಟಕದ ಸಮಯವನ್ನು ಪೂರ್ತಿ ನಂಬಿ ಕೂರಬೇಡಿ. ಮಿಶ್ರಣವಾದರೆ ಇನ್ನೂ ಕಷ್ಟ: ಬೇಗ ದಾಟುವ ದ್ರಾವಕ ತನ್ನ ಜೊತೆಗೆ ವಿಷವನ್ನೂ ಒಳಗೆ ಒಯ್ಯಬಹುದು.

ಪೊಟ್ಟಣದ ಮೇಲಿನ ‘ಟೈಪ್ ಎ’ ಕಂಡು ಹಿಗ್ಗಬೇಡಿ. ರಾಸಾಯನಿಕ ತಡೆಯುವ ಗ್ಲೌಸುಗಳ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 374ರ ಪ್ರಕಾರ ಅದರರ್ಥ, ಪಟ್ಟಿಯ 18 ರಾಸಾಯನಿಕಗಳಲ್ಲಿ ಕನಿಷ್ಠ 6ನ್ನು ಅದು 30 ನಿಮಿಷ ತಡೆದಿದೆ ಎಂದಷ್ಟೇ. ನಿಮ್ಮದು ಆ ಆರರಲ್ಲಿ ಇಲ್ಲದೇ ಇರಬಹುದು. ಮಾನಕದ ಸಂಖ್ಯೆಯೇ ಇಲ್ಲದ ಅಗ್ಗದ ಡಬ್ಬಿಗಳು ಪ್ರಯೋಗಾಲಯದೊಳಕ್ಕೆ ಬರಲೇಬಾರದು.

ಹೆಜ್ಜೆ 3: ವಸ್ತು. ಅಸಿಟೋನ್‌ಗೆ ಬ್ಯೂಟೈಲ್ ರಬ್ಬರ್ ಒಳ್ಳೆಯದು. ಡೈಕ್ಲೋರೋಮೀಥೇನ್ ಎಂಬ ದ್ರಾವಕ ತೆಳು ನೈಟ್ರೈಲನ್ನು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಅದಕ್ಕೆ ಪಾಲಿವಿನೈಲ್ ಆಲ್ಕೋಹಾಲ್ ಗ್ಲೌಸ್ ತಡೆಯೊಡ್ಡುತ್ತದೆ, ಆದರೆ ನೀರು ತಗುಲಿದರೆ ಗ್ಲೌಸೇ ಕರಗುತ್ತದೆ. ಹನಿಯಲ್ಲೇ ಪ್ರಾಣ ತೆಗೆಯುವ ದ್ರವಗಳಿಗೆ ನನ್ನ ಆಯ್ಕೆ ಒಂದೇ: ಒಳಗೆ ಹಲವು ಪದರದ ಲ್ಯಾಮಿನೇಟ್ ಗ್ಲೌಸ್, ಹೊರಗೆ ಮುಂಗೈ ಮುಚ್ಚುವ ದಪ್ಪ ನಿಯೋಪ್ರೀನ್ (ಇನ್ನೊಂದು ಕೃತಕ ರಬ್ಬರ್) ಅಥವಾ ನೈಟ್ರೈಲ್. ಲ್ಯಾಮಿನೇಟ್ ಕೈಗೆ ಕೂರುವುದಿಲ್ಲ, ಚರಪರ ಎನ್ನುತ್ತದೆ. ಮೇಲಿನ ಗ್ಲೌಸ್ ಅದನ್ನು ಬೆರಳಿಗೆ ಒತ್ತಿ ಹಿಡಿಯುತ್ತದೆ. ಎರಡು ತೆಳು ನೈಟ್ರೈಲ್ ಹಾಕಿಕೊಳ್ಳುವ ಅಡ್ಡದಾರಿಯಿಂದ ಕೊಂಚ ಸಮಯ ಸಿಗಬಹುದು, ಆ ವಸ್ತುವಿನ ಗುಣವಂತೂ ಬದಲಾಗದು.

ಹೆಜ್ಜೆ 4: ಅಳತೆ ಸರಿಯಿರಲಿ, ಉಗುರು ಕತ್ತರಿಸಿರಿ. ಹನಿ ಬಿದ್ದರೆ ಕೆಲಸ ಅರ್ಧದಲ್ಲೇ ನಿಲ್ಲಿಸಿ, ಗ್ಲೌಸಿನ ಹೊರಮೈ ಚರ್ಮಕ್ಕೆ ತಾಗದಂತೆ, ಒಳಮೈ ಹೊರಗೆ ಬರುವ ಹಾಗೆ ಕಳಚಿ, ವಿಷತ್ಯಾಜ್ಯದ ಡಬ್ಬಿಗೆ ಹಾಕಿ, ಕೈ ತೊಳೆಯಿರಿ. ಬಳಸಿ ಎಸೆಯುವ ಗ್ಲೌಸನ್ನು ತೊಳೆದು ಒಣಹಾಕುವವರಿದ್ದಾರೆ. ಒಳಗೆ ಹೀರಿಕೊಂಡದ್ದು ಅದರಿಂದ ಹೋಗುವುದಿಲ್ಲ.