ಎತ್ತರ ಕಡಿಮೆ ಇದ್ದರೂ ಓವರ್‌ಸೈಜ್ಡ್ ಒಪ್ಪುತ್ತದೆ: ಟೇಪ್ ಹಿಡಿದು ಬಟ್ಟೆ ಕೊಂಡ ನನ್ನ ಅನುಭವ

ನನ್ನ ಎತ್ತರ 165 ಸೆಂ.ಮೀ., ಎದೆ ಸುತ್ತಳತೆ 94ರ ಆಸುಪಾಸು. ಈ ಮೈಕಟ್ಟಿಗೆ ಅಗಲದ ಟೀಶರ್ಟ್, ಸಡಿಲ ಪ್ಯಾಂಟ್ ಒಪ್ಪುವುದೇ ಇಲ್ಲ ಎಂದು ಹೇಳದವರಿಲ್ಲ. "ಅಣ್ಣನ ಬಟ್ಟೆ ಹಾಕ್ಕೊಂಡ ಹಾಗಿದೆ" ಎಂದರು. ಬಟ್ಟೆ ವಿಷಯ ಚೆನ್ನಾಗಿ ಗೊತ್ತಿದ್ದವರೂ "ಸ್ಲಿಮ್ ಫಿಟ್ ಬಿಡಬೇಡ, ಅದರಲ್ಲೇ ಎತ್ತರ ಕಾಣೋದು" ಎಂದರು. ಈಗ ಎರಡು ವರ್ಷದ ಮೇಲಾಯಿತು, ದಿನಾ ಹಾಕುವುದು ಅಗಲದ ಬಟ್ಟೆಯೇ. ಅದೇ ಜನ ಈಗ ಎಲ್ಲಿ ಕೊಂಡೆ ಎಂದು ಕೇಳುತ್ತಾರೆ. ಅಂಗಡಿ ಯಾವುದಾದರೂ ಆಗಲಿ, ಕೆಲಸ ಮಾಡಿದ್ದು ಅಳತೆ. ಅದನ್ನೇ ಇಲ್ಲಿ ಬರೆಯುತ್ತೇನೆ.

ಓವರ್‌ಸೈಜ್ಡ್ ಬೇಕಾದರೆ ಎರಡು ಸೈಜ್ ದೊಡ್ಡದು ತಗೋ ಎನ್ನುವುದು ಎಲ್ಲರೂ ಕೊಡುವ ಸಲಹೆ. ನನ್ನ ಮೊದಲ ಸುತ್ತಿನ ದುಡ್ಡೆಲ್ಲ ಆ ಸಲಹೆಗೇ ಹೋಯಿತು. ಅದು ಯಾಕೆ ಕೆಲಸ ಮಾಡಲ್ಲ ಅಂದರೆ, ಒಂದು ಸೈಜ್ ಏರಿದಾಗ ಎಲ್ಲವೂ ಬೆಳೆಯುತ್ತದೆ. ಸಾಮಾನ್ಯವಾಗಿ ಎದೆ ಸುತ್ತ 5 ಸೆಂ.ಮೀ., ಅಂದರೆ ಹಾಸಿ ಅಳೆದರೆ ಎರಡೂವರೆ. ಜೊತೆಗೆ ಉದ್ದ ಸುಮಾರು 2, ಭುಜ ಒಂದು ಒಂದೂವರೆ, ಕುತ್ತಿಗೆಯೂ ಸ್ವಲ್ಪ. ಎರಡು ಸೈಜ್ ಏರಿದರೆ 70 ಇದ್ದ ಉದ್ದ 74 ಆಗುತ್ತದೆ. ನನ್ನಂಥವರಿಗೆ 74 ಅಂದರೆ ಟೀಶರ್ಟ್ ತೊಡೆಗೆ ಇಳಿಯುತ್ತದೆ, ಕಾಲು ಅರ್ಧಕ್ಕೆ ಕತ್ತರಿಸಿದ ಹಾಗೆ ಕಾಣುತ್ತದೆ. ಕಾಲರ್ ಜಾರಿ ಒಂದು ಕಡೆ ವಾಲುತ್ತದೆ. ಅಣ್ಣನ ಬಟ್ಟೆ ಅನ್ನಿಸುವುದು ಈ ಎರಡರಿಂದಲೇ, ಉದ್ದದಿಂದ ಮತ್ತು ಕುತ್ತಿಗೆಯಿಂದ. ಅಗಲದ್ದೇನೂ ತಪ್ಪಿಲ್ಲ.

ಹಾಗಾಗಿ ನಾನು ಹುಡುಕಿದ್ದು ಎಕ್ಸ್‌ಎಲ್‌ನ ಅಗಲ, ಎಸ್‌ನ ಉದ್ದ, ಎಂನ ಕುತ್ತಿಗೆ. ಬಾಕ್ಸಿ ಕಟ್ ಎಂದು ಮಾರುವುದರಲ್ಲಿ ಇದು ಸಿಗುತ್ತದೆ, ಆದರೆ ಎಲ್ಲದರಲ್ಲೂ ಅಲ್ಲ. ಹೆಸರು ಬಾಕ್ಸಿ, ಅಳೆದರೆ ಸುಮ್ನೆ ದೊಡ್ಡ ಟೀಶರ್ಟ್, ಅಂಥದ್ದೂ ಬೇಕಾದಷ್ಟಿದೆ. ನನಗೆ ಕೂತ ಅಳತೆ, ಬಟ್ಟೆ ಹಾಸಿ ಸೆಂ.ಮೀ.ನಲ್ಲಿ ಅಳೆದರೆ, ಇದು: ಕಂಕುಳಿಂದ ಕಂಕುಳಿಗೆ 57, ಉದ್ದ 66ರಿಂದ 67, ಭುಜದ ಹೊಲಿಗೆಯಿಂದ ಹೊಲಿಗೆಗೆ 51 ಇರಬೇಕು. ತೋಳು ಮೊಣಕೈಗಿಂತ ಒಂದೆರಡು ಬೆರಳು ಮೇಲೆ ನಿಲ್ಲಬೇಕು. ಕಾಲರ್ ರಿಬ್, ಅಂದರೆ ಕುತ್ತಿಗೆ ಸುತ್ತ ಹಿಗ್ಗುವ ಪಟ್ಟಿ, ಎರಡೂವರೆ ಸೆಂ.ಮೀ. ಅಗಲ ಇದ್ದು ಕುತ್ತಿಗೆಗೆ ಹತ್ತಿರ ಕೂರಬೇಕು. ಈ ಕೊನೆಯದನ್ನು ಯಾರೂ ಗಮನಿಸಲ್ಲ. ಮೈ ಎಷ್ಟೇ ಅಗಲವಿರಲಿ, ಕಾಲರ್ ಗಟ್ಟಿಯಾಗಿ ಕೂತರೆ ಬೇಕಂತಲೇ ಅಗಲ ಹಾಕಿದ್ದು ಎಂದು ನೋಡಿದವರಿಗೆ ಗೊತ್ತಾಗುತ್ತದೆ. ಜೋತುಬಿದ್ದ ಕಾಲರನ್ನು ಮತ್ತೆ ಬಿಗಿ ಮಾಡುವ ನನ್ನದೇ ಒಂದು ದಾರಿ ಇದೆ. ಅದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಎಕ್ಸ್‌ಎಲ್, ಎಲ್ ಎನ್ನುವ ಅಕ್ಷರಗಳನ್ನು ನೋಡುವುದನ್ನೇ ಬಿಟ್ಟಿದ್ದೇನೆ. ಸೈಜ್ ಚಾರ್ಟ್ ಕೂಡ ಪೂರ್ತಿ ನಂಬುವ ಹಾಗಿಲ್ಲ. ಕೆಲವರು ಮೈ ಅಳತೆ ಕೊಡುತ್ತಾರೆ, ಕೆಲವರು ಬಟ್ಟೆ ಅಳತೆ. ಬಟ್ಟೆ ಸೈಜಿಗೆ ಯುರೋಪಿನಲ್ಲಿರುವ ಇಎನ್ 13402 ಮಾನದಂಡ ನಿಂತಿರುವುದೇ ಮೈ ಅಳತೆಯ ಮೇಲೆ, ಆ ಥರದ ಲೇಬಲ್‌ನಲ್ಲಿ ಕಾಣುವ ಸಂಖ್ಯೆ ಬಟ್ಟೆಯದಲ್ಲ. ಒಂದು ಕಂಪನಿಯ ಚಾರ್ಟ್‌ನಲ್ಲಿ ಎದೆ 106 ಎಂದಷ್ಟೇ ಇತ್ತು, ಯಾವುದರ ಅಳತೆ ಎಂದು ಬರೆದಿರಲಿಲ್ಲ. ಬಂದ ಹೂಡಿ ಅಳೆದರೆ 122ರ ಹತ್ತಿರ. ವಾಪಸ್ ಕಳಿಸುವ ಖರ್ಚು ನನ್ನದೇ ಎಂದರು. ಆ ಖರ್ಚಿಗೆ ಇನ್ನೊಂದಷ್ಟು ಸೇರಿಸಿದ್ದರೆ ಒಳ್ಳೆಯ ಟೀಶರ್ಟ್ ಬರುತ್ತಿತ್ತು. ಅವತ್ತಿನಿಂದ ಕೊಳ್ಳುವ ಮೊದಲು ಒಂದೇ ಪ್ರಶ್ನೆ ಬರೆದು ಕಳಿಸುತ್ತೇನೆ: "ಬಟ್ಟೆಯನ್ನು ಹಾಸಿ ಅಳೆದರೆ ಕಂಕುಳಿಂದ ಕಂಕುಳಿಗೆ ಎಷ್ಟು?" ಉತ್ತರ ಕೊಡದವರ ಹತ್ತಿರ ಕೊಳ್ಳುವುದಿಲ್ಲ. ಕೊಟ್ಟ ಉತ್ತರದಲ್ಲೂ 1 ಸೆಂ.ಮೀ. ಆಚೀಚೆ ಆಗುವುದು ಮಾಮೂಲು, ಹೊಲಿಯುವ ಕಡೆ ಅಷ್ಟು ವ್ಯತ್ಯಾಸ ಒಪ್ಪಿಕೊಳ್ಳುತ್ತಾರೆ.

ಅಳತೆ ಸರಿಯಾದ ಮೇಲೂ ಒಂದಷ್ಟು ಟೀಶರ್ಟ್ ಕೈಕೊಟ್ಟವು. ಅದಕ್ಕೆ ಕಾರಣ ದಪ್ಪ. 160 ಜಿಎಸ್‌ಎಂನ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ) ಬಟ್ಟೆಯಲ್ಲಿ ಅಗಲದ ಕಟ್ ಕೊಂಡರೆ ಅದು ನಿಲ್ಲುವುದಿಲ್ಲ, ಹೊಟ್ಟೆಗೆ ಅಂಟಿಕೊಂಡು ಪಕ್ಕದಲ್ಲಿ ನೆರಿಗೆ ಬೀಳುತ್ತದೆ. ತೆಳು ಬಟ್ಟೆಯ ಅಗಲದ ಟೀಶರ್ಟ್‌ಗಳನ್ನು ಮೂರಕ್ಕೆ ಒಂದರ ಬೆಲೆ ಎಂದು ಕೊಂಡಿದ್ದೆ. ಆರು ತಿಂಗಳಾಗುವ ಹೊತ್ತಿಗೆ ಮೂರೂ ಮಲಗುವಾಗ ಹಾಕುವ ಬಟ್ಟೆಯಾದವು. ಅದೇ ದುಡ್ಡಿಗೆ ಬಂದ ಒಂದು 240 ಜಿಎಸ್‌ಎಂ ಟೀಶರ್ಟ್ ಇವತ್ತಿಗೂ ವಾರಕ್ಕೆರಡು ಸಲ ಮೈಮೇಲಿದೆ. ಹಾಗಂತ ದಪ್ಪ ಜಾಸ್ತಿ ಆದಷ್ಟೂ ಒಳ್ಳೆಯದು ಎಂದೂ ಅಲ್ಲ. 280 ದಾಟಿದರೆ ಸೆಕೆಯ ಮಾತು ಹಾಗಿರಲಿ, ತೋಳು ಅಡ್ಡಡ್ಡ ನಿಲ್ಲುತ್ತದೆ. ಎತ್ತರದವರಿಗೆ ಅದು ಚಂದ. ನನಗೆ 220ರಿಂದ 240 ಸರಿ.

ಇನ್ನೊಂದು ಕಾಟ ಪಕ್ಕದ ಹೊಲಿಗೆ ತಿರುಗುವುದು. ಸಿಂಗಲ್ ಜರ್ಸಿಯಲ್ಲಿ, ಅಂದರೆ ಟೀಶರ್ಟಿನ ಮಾಮೂಲು ಹೆಣಿಗೆ ಬಟ್ಟೆಯಲ್ಲಿ, ನೂಲಿನ ಹುರಿ ಬಿಚ್ಚಿಕೊಳ್ಳಲು ನೋಡುತ್ತದೆ, ಒಗೆದ ಮೇಲೆ ಹೊಲಿಗೆ ಹೊಕ್ಕುಳ ಕಡೆ ನಡೆದು ಬರುತ್ತದೆ. ಬಿಗಿ ಟೀಶರ್ಟ್‌ನಲ್ಲಿ ಇದು ಕಣ್ಣಿಗೆ ಬೀಳಲ್ಲ, ಅಗಲದ್ದರಲ್ಲಿ ಎದ್ದು ಕಾಣುತ್ತದೆ. ಅಂಗಡಿಯಲ್ಲಿ ಒಂದನ್ನು ಹಾಸಿ ನೋಡಿದರೆ ಸಾಕು. ಒಗೆಯುವ ಮೊದಲೇ ಹೊಲಿಗೆ ಓರೆ ಇದ್ದರೆ ಅಲ್ಲೇ ಬಿಟ್ಟು ಬನ್ನಿ.

ಕುಗ್ಗುವಿಕೆ ಎಲ್ಲರಿಗೂ ತಲೆನೋವು, ಅಲ್ವಾ? ನಾನು ಅದನ್ನು ಕೆಲಸಕ್ಕೆ ಹಚ್ಚಿದೆ. ಮೊದಲೇ ಕುಗ್ಗಿಸದ ಹತ್ತಿಯ ಜರ್ಸಿ ಅಗಲಕ್ಕಿಂತ ಉದ್ದದಲ್ಲಿ ಜಾಸ್ತಿ ಕುಗ್ಗುತ್ತದೆ. ನನಗೆ ಬೇಕಿದ್ದುದೂ ಉದ್ದ ಕಮ್ಮಿಯಾಗುವುದೇ! ಅಗಲ ಸರಿಯಿದ್ದು ಉದ್ದ 70 ಇದ್ದ ಒಂದು ಟೀಶರ್ಟನ್ನು ಕೈ ಇಡಲಾಗದಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆ ಬಿಟ್ಟೆ, ಹಿಂಡದೆ ಒತ್ತಿ ನೀರು ತೆಗೆದೆ, ಚಪ್ಪಟೆ ಹಾಸಿ ಅಡ್ಡಕ್ಕೆ ಮೆಲ್ಲಗೆ ಎಳೆದು ಒಣಗಿಸಿದೆ. ಮೂರು ಸೆಂ.ಮೀ. ಚಿಲ್ಲರೆ ಉದ್ದ ಹೋಯಿತು, ಅಗಲ ಹೆಚ್ಚುಕಮ್ಮಿ ಹಾಗೇ ಉಳಿಯಿತು. ಮೂರ್ನಾಲ್ಕು ಟೀಶರ್ಟ್‌ಗೆ ಇದನ್ನೇ ಮಾಡಿ ಗೆದ್ದಿದ್ದೇನೆ. ಪಾಲಿಯೆಸ್ಟರ್ ಬೆರೆತದ್ದಕ್ಕೆ ಇದು ನಡೆಯಲಿಲ್ಲ, ಅದು ಅಲ್ಲಾಡಲೇ ಇಲ್ಲ. ಬಯೋವಾಶ್ (ಕಿಣ್ವ ಹಾಕಿ ಒಗೆಯುವುದು) ಆಗಿ, ಕುಗ್ಗಿಸಿಯೇ ಬಂದದ್ದರಲ್ಲೂ ಅರ್ಧ ಸೆಂ.ಮೀ. ಮೇಲೆ ಸಿಗಲಿಲ್ಲ.

ಕುಗ್ಗದವನ್ನು ಕತ್ತರಿಸಿದೆ. ಜರ್ಸಿಯನ್ನು ಕೆಳಗೆ ಕತ್ತರಿಸಿ ಹಾಗೇ ಬಿಟ್ಟರೆ ಅಂಚು ಹೊರಗೆ ಸುರುಳಿಯಾಗುತ್ತದೆ, ಕೆಲವರಿಗೆ ಅದು ಇಷ್ಟ, ನನಗಿಲ್ಲ. ದರ್ಜಿಗೆ ಕೊಟ್ಟರೆ ನೇರ ಹೊಲಿಗೆ ಹಾಕಿಕೊಟ್ಟರು, ತಲೆಯಿಂದ ಎಳೆದು ತೆಗೆಯುವಾಗ ದಾರ ಪಟಪಟ ಕಿತ್ತಿತು. ಬಟ್ಟೆಯ ಜೊತೆ ಹಿಗ್ಗುವ ಹೊಲಿಗೆ ಹಾಕುವ ಕವರ್‌ಸ್ಟಿಚ್ ಮಷಿನ್ ಇರುವವರನ್ನು ಹುಡುಕಬೇಕು. ಅವರು ಸಿಗದಿದ್ದರೆ ಮನೆಯ ಮಷಿನ್‌ಗೆ ಜೋಡಿ ಸೂಜಿ ಹಾಕಿ, ಬಾಬಿನ್‌ನಲ್ಲಿ ಎಳೆದರೆ ಹಿಗ್ಗುವ ದಾರ ಸುತ್ತಿ ಹೊಲಿಯಬಹುದು. ನಾನು ಈಗ ಹಾಗೇ ಮಾಡುವುದು, ಅಂಗಡಿ ಹೊಲಿಗೆಗೂ ನನ್ನದಕ್ಕೂ ವ್ಯತ್ಯಾಸ ಹೇಳಿದವರು ಇನ್ನೂ ಸಿಕ್ಕಿಲ್ಲ.

ನಡುವೆ ಬಣ್ಣದ ಆಟವೂ ಆಯಿತು. ಬಿಳಿ ಟೀಶರ್ಟ್‌ಗಳು ಕಂಕುಳಲ್ಲಿ ಹಳದಿಯಾಗಿದ್ದವು, ಹತ್ತಿಗೆ ಹಿಡಿಯುವ ರಿಯಾಕ್ಟಿವ್ ಬಣ್ಣದಲ್ಲಿ ಮುಳುಗಿಸಿ ಕಡು ಆಲಿವ್ ಮಾಡಿದೆ. ಬಟ್ಟೆಗೆ ಬಣ್ಣ ಹಿಡಿಯಿತು, ಹೊಲಿಗೆ ದಾರ ಬೆಳ್ಳಗೇ ಉಳಿಯಿತು. ದಾರ ಪಾಲಿಯೆಸ್ಟರ್, ಅದಕ್ಕೆ ಆ ಬಣ್ಣ ಹಿಡಿಯಲ್ಲ. ನೋಡಲು ಮಾತ್ರ ಬಹಳ ಚೆನ್ನಾಗಿತ್ತು, ಆಲಿವ್ ಮೇಲೆ ಬಿಳಿ ಹೊಲಿಗೆ. ಈಗ ಬೇಕಂತಲೇ ಹಾಗೆ ಮಾಡುತ್ತೇನೆ.

ಟೀಶರ್ಟ್ ಬಗ್ಗೆ ಇಷ್ಟು ಬರೆದೆ, ಆದರೆ ಎತ್ತರ ಕಾಣಿಸುವುದು ಪ್ಯಾಂಟ್. ನನ್ನ ಖರ್ಚಿನಲ್ಲಿ ಹತ್ತಕ್ಕೆ ನಾಲ್ಕು ಭಾಗ ಪ್ಯಾಂಟಿಗೆ, ಮೂರು ಟೀಶರ್ಟಿಗೆ, ಎರಡು ಹೂಡಿಗೆ, ಉಳಿದ ಒಂದು ಭಾಗ ದರ್ಜಿಗೆ ಹೋಗುತ್ತದೆ. ಜನ ಇದನ್ನು ಉಲ್ಟಾ ಮಾಡುತ್ತಾರೆ, ಹೂಡಿಯ ಲೋಗೋಗೆ ಸುರಿದು ಪ್ಯಾಂಟ್ ಸಿಕ್ಕಿದ್ದು ಹಾಕುತ್ತಾರೆ. ಪ್ಯಾಂಟಿನಲ್ಲಿ ನಾನು ಮೊದಲು ನೋಡುವುದು ಮುಂದಿನ ರೈಸ್, ಅಂದರೆ ಕಾಲು ಕೂಡುವ ಹೊಲಿಗೆಯಿಂದ ಸೊಂಟಪಟ್ಟಿಯವರೆಗಿನ ಅಳತೆ. 30, 31 ಇದ್ದರೆ ಸೊಂಟದ ಮೇಲೆ ಸರಿಯಾಗಿ ಕೂರುತ್ತದೆ, ಕಾಲು ಅಲ್ಲಿಂದಲೇ ಶುರುವಾದಂತೆ ಕಾಣುತ್ತದೆ. 25ರ ರೈಸ್ ಇರುವ ಸಡಿಲ ಪ್ಯಾಂಟ್ ನನ್ನಂಥವರನ್ನು ಇನ್ನೂ ಕುಳ್ಳ ಮಾಡುತ್ತದೆ. ಹಾಸಿ ಅಳೆದರೆ ತೊಡೆ 33, ಕೆಳಗಿನ ಬಾಯಿ 21, ಕಾಲಿನ ಒಳ ಹೊಲಿಗೆಯ ಉದ್ದ 71. ಬಾಯಿ 26 ಇರುವುದನ್ನೂ ಹಾಕಿ ನೋಡಿದೆ, ಅದು ಶೂ ಪೂರ್ತಿ ನುಂಗಿತು. ಬಾಯಿಯ ಅಗಲವನ್ನು ಶೂ ಉದ್ದಕ್ಕೆ ಹೊಂದಿಸುವ ಒಂದು ಲೆಕ್ಕ ಮಾಡಿಕೊಂಡಿದ್ದೇನೆ. ಅದನ್ನು ನೀವೇ ನಿಮ್ಮ ಶೂ ಇಟ್ಟು ಕಂಡುಕೊಳ್ಳಿ, ಒಂದು ಸಂಜೆಯ ಕೆಲಸ.

ಬಟ್ಟೆಯಲ್ಲಿ ಟ್ವಿಲ್, ಅಂದರೆ ಓರೆ ಗೆರೆಯ ನೇಯ್ಗೆ, ಗೆದ್ದಿತು. ಡಿಕೀಸ್ ಕಂಪನಿಯ 874 ಥರದ ವರ್ಕ್ ಪ್ಯಾಂಟ್‌ಗಳ ಶೇ. 65 ಪಾಲಿಯೆಸ್ಟರ್, ಶೇ. 35 ಹತ್ತಿಯ ಟ್ವಿಲ್ ಇಸ್ತ್ರಿ ಗೆರೆ ಕಳೆದುಕೊಳ್ಳುವುದಿಲ್ಲ, ಮಂಡಿ ಉಬ್ಬುವುದಿಲ್ಲ. 1967ರಿಂದ ಆ ಪ್ಯಾಂಟ್ ನಡೆದುಕೊಂಡು ಬಂದಿರುವುದಕ್ಕೆ ಕಾರಣವಿದೆ. ಮೆತ್ತಗಿನ ಸ್ವೆಟ್‌ಪ್ಯಾಂಟ್ ಬೇಕೇ ಬೇಕು ಎನ್ನುವವರು ದಪ್ಪ ನೋಡಿ ಕೊಳ್ಳಿ. ತೆಳುವಿನದು ಒಂದು ದಿನ ಕೂತೆದ್ದರೆ ಮಂಡಿಯಲ್ಲಿ ಚೀಲ ಬಿಡುತ್ತದೆ. ಹತ್ತಿ ಪ್ಯಾಂಟನ್ನು ಎರಡು ಸಲ ಒಗೆಯದೆ ಉದ್ದ ಕತ್ತರಿಸಬೇಡಿ. ದರ್ಜಿ "ಈಗಲೇ ಮಾಡಿಕೊಡ್ತೀನಿ" ಎಂದರೂ ಸರಿ, ಒಗೆದ ಮೇಲೆಯೇ ಕೊಡಿ.

ಹೂಡಿಯ ವಿಷಯದಲ್ಲೂ ಉದ್ದವೇ ವಿಲನ್. ಕೆಳಗಿನ ರಿಬ್ ಪ್ಯಾಂಟಿನ ಸೊಂಟಪಟ್ಟಿಯ ಮೇಲೆ ನಿಲ್ಲಬೇಕು. ನನಗೆ ಅದು 63, 64. ಅಗಲ 61, 62 ಇರಲಿ ಪರವಾಗಿಲ್ಲ, ರಿಬ್ ಬಿಗಿ ಇದ್ದರೆ ಮೇಲಿನ ಬಟ್ಟೆ ಅಲ್ಲೇ ಉಬ್ಬಿ ಕೂರುತ್ತದೆ. ರಿಬ್ ಸಡಿಲ ಆದರೆ ಕಥೆ ಮುಗಿಯಿತು. ಟೋಪಿ ಎರಡು ಪದರದ್ದಾಗಿರಬೇಕು, ಒಂದೇ ಪದರದ್ದು ಬೆನ್ನಿಗೆ ಸತ್ತು ಬೀಳುತ್ತದೆ. ಒಳಗೆ ಬ್ರಷ್ ಮಾಡಿದ ಫ್ಲೀಸ್ ಬೆಚ್ಚಗಿರುತ್ತದೆ, ಆದರೆ ಹೊಸದರಲ್ಲಿ ಕಪ್ಪು ಟೀಶರ್ಟ್ ತುಂಬ ನಾರು ಉದುರಿಸುತ್ತದೆ. ವರ್ಷದಲ್ಲಿ ಜಾಸ್ತಿ ದಿನ ಹಾಕುವುದಾದರೆ ಒಳಗೆ ಕುಣಿಕೆ ಇರುವ ಫ್ರೆಂಚ್ ಟೆರ್ರಿ ತಗೊಳ್ಳಿ. ಉದ್ದ ಕುಗ್ಗುವ ಭಯ ಇರುವವರು ಚಾಂಪಿಯನ್ ಕಂಪನಿಯ ರಿವರ್ಸ್ ವೀವ್ ಕಟ್ಟನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಬಟ್ಟೆಯನ್ನು ಅಡ್ಡ ತಿರುಗಿಸಿ ಕತ್ತರಿಸಿ, ಪಕ್ಕದಲ್ಲಿ ರಿಬ್ ಪಟ್ಟಿ ಕೊಟ್ಟು, ಉದ್ದ ಕುಗ್ಗದ ಹಾಗೆ ಮಾಡಿದ್ದಾರೆ. ಅದರ ಮೊದಲ ಪೇಟೆಂಟ್ 1938ರದ್ದು. ಅಷ್ಟು ಹಿಂದೆಯೇ ಯಾರೋ ಕೂತು ಇದನ್ನು ಯೋಚಿಸಿದ್ದಾರೆ ಎನ್ನುವುದು ನನಗೆ ಬಹಳ ಖುಷಿ ಕೊಡುವ ವಿಷಯ.

ಹೂಡಿಯ ಒಳಗೆ 67ರ ಟೀಶರ್ಟ್ ಹಾಕಿದರೆ ಕೆಳಗೆ ಮೂರ್ನಾಲ್ಕು ಸೆಂ.ಮೀ. ಇಣುಕುತ್ತದೆ, ಅದು ಜಾಸ್ತಿ. ಹಾಗಾಗಿ ಒಳಗೆ ಹಾಕಲೆಂದೇ 64, 65ರ ತೆಳು ಟೀಶರ್ಟ್ ಒಂದೆರಡು ಬೇರೆ ಇಟ್ಟಿದ್ದೇನೆ. ಹಳೆಯ 160 ಜಿಎಸ್‌ಎಂನವನ್ನು ಕತ್ತರಿಸಿದ್ದು ಇಲ್ಲಿ ಕೆಲಸಕ್ಕೆ ಬಂತು, ಹೋದ ದುಡ್ಡು ಸ್ವಲ್ಪ ವಾಪಸ್ ಬಂದ ಲೆಕ್ಕ.

ಬಣ್ಣದ ಬಗ್ಗೆ ಹೇಳುವುದು ಕಡಿಮೆ. ಕಪ್ಪು, ಬೂದು, ಆಫ್‌ವೈಟ್, ನೇವಿ, ಆಲಿವ್, ಇಷ್ಟರಲ್ಲೇ ನನ್ನ ವಾರ ಮುಗಿಯುತ್ತದೆ. ಪ್ಯಾಂಟ್, ಸಾಕ್ಸ್, ಶೂ ಮೂರೂ ಹತ್ತಿರದ ಬಣ್ಣ ಇದ್ದರೆ ಕಾಲು ಉದ್ದ ಕಾಣುತ್ತದೆ. ಟೀಶರ್ಟ್, ಪ್ಯಾಂಟ್ ಎರಡೂ ಅಗಲದ್ದು ಹಾಕಿದ ದಿನ ಟೀಶರ್ಟಿನ ಮುಂದಿನ ಅಂಚನ್ನು ಸ್ವಲ್ಪ ಒಳಗೆ ಸಿಕ್ಕಿಸುತ್ತೇನೆ, ಸೊಂಟ ಎಲ್ಲಿದೆ ಎಂದು ಗೊತ್ತಾಗಬೇಕು.

ಈಗ ಶಾರ್ಟ್ಸ್ ಮೇಲೆ ಕೆಲಸ ನಡೆದಿದೆ. ಒಳ ಉದ್ದ 23 ಇದ್ದರೆ ಮಂಡಿಗೆ ಬಡಿಯುತ್ತದೆ, 18 ಇದ್ದರೆ ನಿಂತಾಗ ಚೆಂದ. ತೊಂದರೆ ಬಾಯಿಯ ಅಗಲದ್ದು. ನಿಂತಾಗ ಚೆನ್ನಾಗಿ ಕಾಣುವ ಅಗಲ ಕೂತಾಗ ಮೇಲೆ ಸರಿದು ಹರಡುತ್ತದೆ. ಸದ್ಯಕ್ಕೆ 29ಕ್ಕೆ ಬಂದು ನಿಂತಿದ್ದೇನೆ, ಬಟ್ಟೆ ಇನ್ನೂ ಸ್ವಲ್ಪ ಭಾರದ್ದು ಬೇಕು ಅನ್ನಿಸುತ್ತಿದೆ. ಟ್ವಿಲ್‌ನಲ್ಲಿ ಒಂದನ್ನು ಹೊಲಿಯಲು ಕೊಟ್ಟಿದ್ದೇನೆ.