ಬ್ಲೂಗ್ರಾಸ್ ಕೇಳಬೇಕೆಂದರೆ ಮೊದಲು ಲೇಬಲ್ ನೋಡಿ

ಮಾಳಮಡ್ಡಿಯ ನಮ್ಮ ಮನೆಗೆ ಹಾಡು ಕೇಳಲು ಬರುವ ಹುಡುಗರು, "ಕಾಕಾ, ಬ್ಲೂಗ್ರಾಸ್ ಎಲ್ಲಿಂದ ಶುರು ಮಾಡಬೇಕು?" ಎಂದು ಕೇಳುತ್ತಾರೆ. ಬ್ಲೂಗ್ರಾಸ್ ಎಂದರೆ ಗಿಟಾರ್, ಮ್ಯಾಂಡೊಲಿನ್, ಚರ್ಮ ಬಿಗಿದ ತಂತಿವಾದ್ಯವಾದ ಬ್ಯಾಂಜೊ ಮುಂತಾದವು ಸೇರಿದ, ಜನಪದ ಬೇರಿನ ಅಮೆರಿಕನ್ ಸಂಗೀತ. ಮೊಬೈಲ್ ತಾನಾಗಿ ಹಾಕುವ ಪಟ್ಟಿಯನ್ನು ಬಿಡಿ ಎನ್ನುತ್ತೇನೆ. ಘರಾಣೆ ಗೊತ್ತಿದ್ದವನಿಗೆ ಖಯಾಲಿನ ದಾರಿ ತೆರೆಯುವಂತೆ, ಲೇಬಲ್, ಅಂದರೆ ಧ್ವನಿಮುದ್ರಿಕೆ ಹೊರತರುವ ಕಂಪನಿ, ಗೊತ್ತಿದ್ದವನಿಗೆ ಈ ಸಂಗೀತದ ದಾರಿ ತೆರೆಯುತ್ತದೆ.

ಮೊದಲು ಫೋಕ್‌ವೇಸ್. ಮೋಸೆಸ್ ಆ್ಯಶ್ 1948ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭಿಸಿದ ಈ ಲೇಬಲ್ 1987ರಿಂದ ಅಮೆರಿಕದ ವಸ್ತುಸಂಗ್ರಹಾಲಯಗಳನ್ನು ನಡೆಸುವ ಸ್ಮಿತ್‌ಸೋನಿಯನ್ ಸಂಸ್ಥೆಯ ಕೈಯಲ್ಲಿದೆ. ಆಲ್ಬಮ್‌ಗಳ ಟಿಪ್ಪಣಿ ಪುಸ್ತಿಕೆಗಳು ಅದರ ಜಾಲತಾಣದಲ್ಲಿ ಉಚಿತ. ಮೈಕ್ ಸೀಗರ್ 1957ರಲ್ಲಿ ಹೊರತಂದ ಬ್ಯಾಂಜೊ ಸಂಗ್ರಹದ ಪುಸ್ತಿಕೆಯನ್ನು ಓದಿ, ಆಮೇಲೆ ಕೇಳಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಸೇರಿ ಮಾಡುವ ಕೆಲಸ ಕಿವಿಗೆ ಕೂರಲಿ.

ಮುಂದೆ ರೌಂಡರ್. ಕೆನ್ ಇರ್ವಿನ್, ಬಿಲ್ ನೌಲಿನ್, ಮರಿಯನ್ ಲೇಟನ್ ಎಂಬ ಮೂವರು ಗೆಳೆಯರು 1970ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಆರಂಭಿಸಿದ್ದು. ಇಲ್ಲಿ ಅವಸರ ಮಾಡಬೇಡಿ. 1975ರಲ್ಲಿ ಜೆ.ಡಿ. ಕ್ರೋ ಮತ್ತು ಸಂಗಡಿಗರು ಮಾಡಿದ ಧ್ವನಿಮುದ್ರಿಕೆಯನ್ನು ಅಭಿಮಾನಿಗಳು ಇಂದಿಗೂ ಅದರ ಕ್ರಮಸಂಖ್ಯೆಯಿಂದಲೇ, 0044 ಎಂದೇ, ಕರೆಯುತ್ತಾರೆ. ಒಮ್ಮೆ ಕ್ರೋ ಅವರ ಬ್ಯಾಂಜೊ ಮಾತ್ರ ಹಿಂಬಾಲಿಸಿ. ಮತ್ತೊಮ್ಮೆ ಟೋನಿ ರೈಸ್ ಅವರ ಗಿಟಾರ್. ಮುಂದಿನ ಸಲ ಜೆರಿ ಡಗ್ಲಾಸ್ ಅವರ ಡೊಬ್ರೊ, ಅಂದರೆ ಅಡ್ಡಲಾಗಿ ಹಿಡಿದು ನುಡಿಸುವ ಒಂದು ಬಗೆಯ ಗಿಟಾರ್. ತಂತಿಯ ಮೇಲೆ ಲೋಹದ ತುಂಡು ಜಾರಿಸಿ ಅವರು ತೆಗೆಯುವ ಮೀಂಡ್ ಕೇಳಿದರೆ ನಮ್ಮ ಧಾರವಾಡದ ಕಿವಿ ತಾನಾಗಿ ನಿಲ್ಲುತ್ತದೆ. ಬ್ಲೂಗ್ರಾಸ್‌ನಲ್ಲಿ ಸಾಮಾನ್ಯವಾಗಿ ತಾಳವಾದ್ಯವಿರುವುದಿಲ್ಲ. ಮ್ಯಾಂಡೊಲಿನ್‌ನ ಚಟ್ಟನೆಯ ಮೊಟಕು ಪೆಟ್ಟೇ ಲಯವನ್ನು ಹಿಡಿದಿಡುತ್ತದೆ. ಅದನ್ನು ಗುರುತಿಸುವವರೆಗೆ ಬೇರೆ ಆಲ್ಬಮ್‌ಗೆ ಹೋಗಬೇಡಿ.

ಒಂದು ನೋಟ್‌ಬುಕ್ ಇಟ್ಟು ಲೇಬಲ್, ಸಂಖ್ಯೆ, ವಾದಕರ ಹೆಸರು ಬರೆದುಕೊಳ್ಳಿ. ಮುಂದಿನ ಆಲ್ಬಮನ್ನು ಆ ಹೆಸರುಗಳೇ ತೋರಿಸುತ್ತವೆ. 0044ರ ರೈಸ್ ಮತ್ತು ಮ್ಯಾಂಡೊಲಿನ್ ವಾದಕ ರಿಕಿ ಸ್ಕ್ಯಾಗ್ಸ್ 1980ರಲ್ಲಿ ಜೊತೆಯಾಗಿ ಹಾಡಿದ್ದು ಶುಗರ್ ಹಿಲ್ ಲೇಬಲ್‌ಗೆ. ಬ್ಯಾರಿ ಪಾಸ್ 1978ರಲ್ಲಿ ಉತ್ತರ ಕ್ಯಾರೊಲಿನಾದಲ್ಲಿ ಆರಂಭಿಸಿದ ಲೇಬಲ್ ಅದು. ಇಬ್ಬರ ಕಂಠ, ಎರಡೇ ವಾದ್ಯ. ನನಗೆ ಇದಕ್ಕಿಂತ ಪ್ರಿಯವಾದದ್ದು ಇಲ್ಲ.

ಓದಲು 'ಬ್ಲೂಗ್ರಾಸ್ ಅನ್‌ಲಿಮಿಟೆಡ್' ಪತ್ರಿಕೆ. 1966ರಲ್ಲಿ ಸೈಕ್ಲೋಸ್ಟೈಲ್ ಹಾಳೆಗಳಾಗಿ ಹುಟ್ಟಿ, ಈಗಲೂ ಬರುತ್ತಿದೆ. ವಿಮರ್ಶೆಗಳಲ್ಲಿ ಹೊಗಳಿಕೆಯನ್ನು ದಾಟಿ, ಯಾರು ಏನು ನುಡಿಸಿದ್ದಾರೆ ಎಂಬ ಸಾಲನ್ನು ಹುಡುಕಿ.

ರೌಂಡರ್ 2010ರಲ್ಲಿ ಕಾನ್‌ಕಾರ್ಡ್ ಕಂಪನಿಗೆ ಮಾರಾಟವಾಯಿತು. ಸ್ವತಂತ್ರವಾಗಿ ಉಳಿದ ಲೇಬಲ್ ಬೇಕೆಂದರೆ ಬ್ಯಾಂಜೊ ವಾದಕಿ ಆ್ಯಲಿಸನ್ ಬ್ರೌನ್ ಮತ್ತು ಗ್ಯಾರಿ ವೆಸ್ಟ್ 1995ರಲ್ಲಿ ನ್ಯಾಶ್‌ವಿಲ್‌ನಲ್ಲಿ ಆರಂಭಿಸಿದ ಕಂಪಾಸ್ ಇದೆ. ಮೆಚ್ಚಿದ ಆಲ್ಬಮನ್ನು ಲೇಬಲ್‌ನಿಂದಲೇ ಡಿಜಿಟಲ್ ರೂಪದಲ್ಲಿ ಕೊಳ್ಳಿ. ಅಂಚೆ ವೆಚ್ಚವೂ ಉಳಿಯುತ್ತದೆ.