ಗುದ್ದು ನಿಲ್ಲಿಸುವ ವಿದ್ಯೆ

ಕರಾಟೆ ಕಲಿಯಲು ಬರುವವರು ಮೊದಲು ಕೇಳುವುದು ಕಪ್ಪು ಬೆಲ್ಟ್‌ಗೆ ಎಷ್ಟು ವರ್ಷ ಬೇಕು ಎಂದು. ಕಲಿಸುತ್ತಾ ತಲೆ ನರೆತರೂ ಇದಕ್ಕೆ ನನ್ನಲ್ಲಿ ಲೆಕ್ಕದ ಉತ್ತರವಿಲ್ಲ. ಪೂರ್ತಿ ವೇಗದಲ್ಲಿ ಹೊರಟ ಮುಷ್ಟಿ ಎದುರಿನವರ ಮುಖಕ್ಕೆ ಬೆರಳಗಲ ಬಾಕಿ ಇರುವಾಗ ನಿಲ್ಲುತ್ತದೆಯೇ ಎಂಬುದನ್ನಷ್ಟೇ ನೋಡುತ್ತೇನೆ. ಜೋರಾಗಿ ಗುದ್ದುವುದು ಯಾರಿಗಾದರೂ ಬಂದೀತು.

ಹೊಸಬರು ತೋಳಿನಿಂದ ಬ್ರೇಕ್ ಹಾಕುತ್ತಾರೆ. ಭುಜ ಬಿಗಿಯಾಗುತ್ತದೆ, ಮೊಣಕೈ ಝಾಡಿಸಿದಂತೆ ಪೂರ್ತಿ ನೆಟ್ಟಗಾಗುತ್ತದೆ, ಕೆಲವೇ ತಿಂಗಳಲ್ಲಿ ಅಲ್ಲೊಂದು ನೋವು ಶುರುವಾಗುತ್ತದೆ. ನಿಲ್ಲುವ ಜಾಗ ತೀರ್ಮಾನವಾಗಬೇಕಾದದ್ದು ಕೈಯಲ್ಲಲ್ಲ, ಪಾದದಲ್ಲಿ. ಹಾಗಾಗಿ ಮೊದಲ ಪಾಠದಲ್ಲಿ ಗುದ್ದೇ ಇರುವುದಿಲ್ಲ. ಜೊತೆಗಾರನ ಮುಂದೆ ನಿಂತು ಕೈ ನಿಧಾನವಾಗಿ ಚಾಚಿ, ಮುಷ್ಟಿ ಅವನ ಅಂಗಿಗೆ ತಾಗುವಷ್ಟು ದೂರವನ್ನು ಕಣ್ಣಿಗೆ ರೂಢಿ ಮಾಡಿಕೊಳ್ಳಬೇಕು. ಆಮೇಲೆ ಅರ್ಧ ಹೆಜ್ಜೆ. ಆಮೇಲೆ ಪೂರ್ತಿ ಹೆಜ್ಜೆ ಮುಂದಿಟ್ಟು ಗುದ್ದುವ ಓಯಿ ಜುಕಿ. ಕೊನೆಯ ಕ್ಷಣದವರೆಗೂ ಮುಷ್ಟಿ ಸಡಿಲವಾಗಿರಲಿ, ಇನ್ನೊಂದು ಕೈ ಸೊಂಟಕ್ಕೆ ಸೇರುವ ಹೊತ್ತಿಗೇ ಉಸಿರು ಹೊರಬಿಟ್ಟು ಬಿಗಿಯಲಿ. ಮೊಣಕೈಯಲ್ಲಿ ಕೂದಲೆಳೆಯಷ್ಟು ಬಾಗು ಉಳಿಯಲೇಬೇಕು.

ಎದುರು ನಿಂತವನಿಗೂ ಇದು ಪಾಠವೇ. ಮೊದಮೊದಲು ಅವನು ಅಲುಗಾಡುವಂತಿಲ್ಲ, ಬರುವ ಮುಷ್ಟಿಯನ್ನು ಕಣ್ಣು ಮಿಟುಕಿಸದೆ ನೋಡಬೇಕು. ಅದು ರೂಢಿಯಾದ ಮೇಲೆಯೇ ಹಿಂದೆ ಸರಿದು ತಡೆಯಲು ಬಿಡುತ್ತೇನೆ. ಕುಮಿಟೆ ಎಂದರೆ ಎದುರಾಳಿಯೊಂದಿಗಿನ ಕಾದಾಟದ ಅಭ್ಯಾಸ. ಅದರಲ್ಲಿ ಐದು ಹೆಜ್ಜೆಯ ಗೋಹೊನ್ ಕುಮಿಟೆಯಲ್ಲಿ ನನ್ನ ವಿದ್ಯಾರ್ಥಿಗಳು ಉಳಿದ ಕಡೆಗಿಂತ ಹೆಚ್ಚು ಕಾಲ ಕಳೆಯುತ್ತಾರೆ. ಬೇಜಾರಾಗಿ ಬಿಟ್ಟು ಹೋದವರೂ ಇದ್ದಾರೆ, ಇರಲಿ.

‘ನಿಲ್ಲಿಸಲು ಕಲಿತವನ ಕೈ ನಿಜವಾದ ಅಪಾಯದಲ್ಲೂ ನಿಂತುಬಿಡುವುದಿಲ್ಲವೇ ಮಾಸ್ಟರ್?’ ಎಂದು ಕೇಳುತ್ತಾರೆ. ಪ್ರಶ್ನೆಯಲ್ಲಿ ಹುರುಳಿದೆ. ಗಾಳಿಗೆ ಮಾತ್ರ ಗುದ್ದಿದವನಿಗೆ ತಾಗುವುದು ಏನೆಂದೇ ಗೊತ್ತಿರುವುದಿಲ್ಲ. ಮೊದಲ ಏಟಿಗೇ ಅವನ ಮಣಿಕಟ್ಟು ಮಡಚಿಕೊಳ್ಳುತ್ತದೆ. ಅದಕ್ಕೇ ಪ್ರತಿ ತರಗತಿಯಲ್ಲೂ ಪ್ಯಾಡ್, ಮಾಕಿವಾರಾ ಇದ್ದೇ ಇರುತ್ತವೆ. ಹುಲ್ಲಿನ ಹಗ್ಗ ಸುತ್ತಿದ, ಒತ್ತಿದರೆ ಸ್ವಲ್ಪ ಬಾಗುವ ಹಲಗೆ ಅದು. ತೋರುಬೆರಳು, ನಡುಬೆರಳಿನ ಗೆಣ್ಣು ಮಾತ್ರ ತಾಗಬೇಕು. ಬೆರಳಗಲದ ಅಂತರವನ್ನು ಬೇಕೆಂದಾಗ ಹಿಡಿಯಬಲ್ಲವನು ಗುರಿಯನ್ನು ಗೇಣುದ್ದ ಒಳಕ್ಕೆ ಸರಿಸಿದರೆ ಸಾಕು, ಅದೇ ಗುದ್ದು ತಾಗುತ್ತದೆ.

ಕರಾಟೆಯನ್ನು 1922ರಲ್ಲಿ ಟೋಕಿಯೊದಲ್ಲಿ ಪ್ರದರ್ಶಿಸಿದ ಓಕಿನಾವಾ ದ್ವೀಪದ ಗಿಚಿನ್ ಫುನಾಕೋಶಿ ಅವರಿಗೆ ಸ್ಪರ್ಧೆಯ ಕಾದಾಟ ಇಷ್ಟವಿರಲಿಲ್ಲ. ಅವರು ತೀರಿಕೊಂಡ 1957ರಲ್ಲೇ ಜಪಾನ್ ಕರಾಟೆ ಅಸೋಸಿಯೇಷನ್ ಮೊದಲ ಅಖಿಲ ಜಪಾನ್ ಪಂದ್ಯಾವಳಿ ನಡೆಸಿತು. ನಾನು ಸ್ಪರ್ಧೆಯ ವಿರೋಧಿಯಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರ ಆಗಸ್ಟ್ 7ರಂದು, 75 ಕೆ.ಜಿ. ಮೇಲ್ಪಟ್ಟ ಪುರುಷರ ಫೈನಲ್‌ನಲ್ಲಿ ಸೌದಿಯ ತಾರೆಗ್ ಹಮೇದಿ 4–1ರಿಂದ ಮುಂದಿದ್ದರು. ಅವರ ಒಂದು ಕಿಕ್‌ಗೆ ಇರಾನಿನ ಸಜ್ಜಾದ್ ಗಂಜ್‌ಜಾದೆ ಪ್ರಜ್ಞೆ ತಪ್ಪಿ ಬಿದ್ದರು. ನಿಯಂತ್ರಣವಿಲ್ಲದ ಹೊಡೆತವೆಂದು ಹಮೇದಿ ಅನರ್ಹರಾದರು, ಚಿನ್ನ ಬಿದ್ದವರಿಗೆ ಹೋಯಿತು. ‘ಇದೆಂಥ ನ್ಯಾಯ’ ಎಂದು ಜಗತ್ತೆಲ್ಲ ನಕ್ಕಿತು. ನನಗೆ ಹಮೇದಿ ಬಗ್ಗೆ ಮರುಕವಿದೆ, ತೀರ್ಪಿನ ಬಗ್ಗೆ ತಕರಾರಿಲ್ಲ. ಎದುರಾಳಿಯೂ ಮುಂದಕ್ಕೆ ನುಗ್ಗುತ್ತಿರುವಾಗ ಕಾಲು ನಿಲ್ಲಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಆ ಪಂದ್ಯವನ್ನೇ ವಿದ್ಯಾರ್ಥಿಗಳಿಗೆ ತೋರಿಸುತ್ತೇನೆ.

ವಯಸ್ಸಾದಂತೆ ನನ್ನ ಅಭ್ಯಾಸ ಬದಲಾಗಿದೆ. ಕುಕ್ಕರಗಾಲಲ್ಲಿ ಕುಪ್ಪಳಿಸುವುದನ್ನು ತರಗತಿಯಿಂದಲೇ ತೆಗೆದುಹಾಕಿದೆ, ಮಂಡಿಗೆ ಅದರಿಂದ ಕೇಡೇ ಹೆಚ್ಚು. ಮುಂಗಾಲು ಬಗ್ಗಿಸಿ ನಿಲ್ಲುವಾಗ ಮಂಡಿ ಬೆರಳುಗಳ ದಿಕ್ಕಿಗೇ ಇರಬೇಕು. ನಡುವಯಸ್ಸಿನವರು ಮಂಡಿ ಹೆಚ್ಚು ಬಗ್ಗಿಸದೆ ಎತ್ತರದಲ್ಲೇ ನಿಂತರೂ ನನಗೆ ಅಡ್ಡಿಯಿಲ್ಲ. ಕಟಾಗಳನ್ನು, ಅಂದರೆ ಒಬ್ಬರೇ ಮಾಡುವ ನಿಗದಿತ ಚಲನೆಗಳ ಸರಣಿಗಳನ್ನು, ನಾನೀಗ ನಿಧಾನವಾಗಿ ಮಾಡುತ್ತೇನೆ. ವೇಗದಲ್ಲಿ ಅಡಗಿಕೊಳ್ಳುವ ಓಲಾಟ ಆಗ ಬಯಲಾಗುತ್ತದೆ.

ಕಪ್ಪು ಬೆಲ್ಟ್ ಪರೀಕ್ಷೆಯಲ್ಲಿ ಕಟಾ, ಕುಮಿಟೆ ಎಲ್ಲ ಮುಗಿದು ಅಭ್ಯರ್ಥಿ ಸುಸ್ತಾದ ಮೇಲೆ ಅವನೆದುರು ಬಿಳಿ ಬೆಲ್ಟ್‌ನ ಒಬ್ಬರನ್ನು ನಿಲ್ಲಿಸುತ್ತೇನೆ. ಹತ್ತು ಗುದ್ದು, ಪೂರ್ತಿ ವೇಗ. ಆಗ ನಾನು ಅಭ್ಯರ್ಥಿಯನ್ನು ನೋಡುವುದಿಲ್ಲ, ಹೊಸಬರ ಮುಖ ನೋಡುತ್ತೇನೆ. ಮೊದಲ ಎರಡಕ್ಕೆ ಅವರು ಬೆಚ್ಚುವುದು ಸಹಜ. ಎಂಟನೆಯದಕ್ಕೂ ಬೆಚ್ಚಿದರೆ ಆ ಸಲ ಬೆಲ್ಟ್ ಕೊಡುವುದಿಲ್ಲ.